ಅಂಗಳದಾಗ ಟರ್ಬೊ ಗಾಡಿ ಕ್ಲಚ್ ಬದಲಿ ಮಾಡ್ಬಹುದು, ಆದ್ರ ಮೊದಲ ಅದು ಯಾಕ ಜಾರ್ಲತ್ತದ ಅಂತ ನೋಡ್ರಿ

ಪ್ರಶ್ನೆ: ಅಣ್ಣಾರ, ನಮ್ದು 2006ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ ಪೆಟ್ರೋಲ್, 5 ಗೇರ್ ಮ್ಯಾನುಯಲ್. ಎರಡ ವರ್ಷದ ಹಿಂದ ಹೈದರಾಬಾದ್‌ನಿಂದ ತಂದೀನಿ, ಹೋದ ವರ್ಷ ರಿಮ್ಯಾಪ್ ಮಾಡಿಸೀನಿ, ಅಂದ್ರ ಎಂಜಿನ್ ಕಂಪ್ಯೂಟರಿನ ಫೈಲ್ ಬದಲಿ ಮಾಡಿಸೀನಿ, ಮಾಡಿದವರು ಟಾರ್ಕ್ (ಎಂಜಿನ್ ತಿರುವೋ ಜೋರ) 280 ಎನ್‌ಎಂ ಬರ್ತದ ಅಂದಾರ. ಈಗ ಕಲಬುರಗಿಯಿಂದ ಕಮಲಾಪುರ ದಾಟಿ ಹುಮನಾಬಾದ್ ಕಡಿ ಹೋಗುಮುಂದ ನಾಕನೇ ಗೇರ್‌ನಾಗ ಲಾರಿ ಓವರ್‌ಟೇಕ್ ಮಾಡ್ಲಾಕ ಪೂರಾ ಆಕ್ಸಿಲರೇಟರ್ ಒತ್ತಿದ್ರ ಆರ್‌ಪಿಎಂ ಏರ್ತದ, ಸ್ಪೀಡ್ ಏರಂಗಿಲ್ಲ, ಸುಟ್ಟ ವಾಸನಿ ಬರ್ತದ. ಆರು ಪಕ್‌ನ ಸೆರಾಮಿಕ್ ಕ್ಲಚ್ (ಪ್ಲೇಟಿನ ಮ್ಯಾಲ ಉಜ್ಜೋ ಗಟ್ಟಿ ತುಂಡು ಆರು ಇರೋದು) ಮತ್ತ ಹಗುರ ಸಿಂಗಲ್ ಮಾಸ್ ಫ್ಲೈವೀಲ್ (ಎಂಜಿನ್ನಿಗೆ ಹತ್ತಿ ಕ್ಲಚ್ ಕುಂದ್ರೋ ಒಂದೇ ತುಂಡಿನ ಚಕ್ರ) ತರಸ್ಬೇಕು ಅಂತ ಮಾಡೀನಿ. ಮನಿ ಅಂಗಳ ದೊಡ್ಡದದ, ಶಹಾಬಾದಿ ಫರಸಿ ಹಾಸೀವಿ, ನಾನೂ ನಮ್ ಕಾಕಾನ ಮಗನೂ ಕೂಡಿ ಮಾಡ್ಬೇಕಂತ. ಆಗ್ತದೇನ್ರಿ? ಎಷ್ಟ ದಿನ ಬೇಕು, ಯಾವ ಕ್ಲಚ್ ತಗೋಬೇಕು?

ಉತ್ತರ: ಆಗ್ತದ್ರಿ. ಇಬ್ಬರು ಇದ್ದೀರಿ, ಜಾಗ ಅದ, ಗಡಬಡಿ ಇಲ್ಲ ಅಂದ್ರ ಎರಡ ದಿನದ ಕೆಲಸ, ಮೊದಲನೇ ಸಲ ಮಾಡವರಿಗೆ ನಾ ಮೂರ ದಿನ ಇಟ್ಕೋರಿ ಅಂತ ಹೇಳ್ತೀನಿ, ಯಾಕಂದ್ರ ಒಂದ್ ದಿನ ಬರೇ ಸಿಗಲಾರದ ಒಂದ್ ಬೋಲ್ಟ್ ಸಲುವಾಗಿ, ತರಲಾರದ ಒಂದ್ ಸೀಲ್ ಸಲುವಾಗಿ ಹೋಗೇ ಹೋಗ್ತದ. ನಾ ಗೇರ್‌ಬಾಕ್ಸ್ ಇಳಿಸೋದು ಏರಸೋದು ಮಾಡ್ಕೋತ 25 ವರ್ಷ ಆಗ್ಲಾಕ ಬಂತು. ನೀವ್ ಕೇಳಿದ್ರಾಗ ನಂಗ ಒಂದ ಮಾತು ಭಾಳ ಚುಚ್ತು, ಅದು ಏನಂದ್ರ ಕ್ಲಚ್ ಯಾಕ ಜಾರ್ಲತ್ತದ ಅಂತ ನೋಡೋಕಿಂತ ಮೊದಲೇ ಯಾವ ಕ್ಲಚ್ ತರಬೇಕು ಅಂತ ಗಟ್ಟಿ ಮಾಡ್ಕೊಂಡೀರಿ. ರಿಮ್ಯಾಪ್ ಮಾಡಿಸೀರಿ, ಟಾರ್ಕ್ ಹೆಚ್ಚಾಗ್ಯದ, ಅದಕ್ಕ ಜಾರ್ತದ ಅಂತ ಅನಸೋದು ಖರೇ, ಬಹಳ ಸಲ ಅದೇ ಇರ್ತದ. ಆದ್ರ ಅದೊಂದೇ ಕಾರಣ ಅಲ್ಲ, ಮತ್ತ ಕಾರಣ ಬ್ಯಾರೆ ಇದ್ರ ನೀವ್ ಹಾಕೋ ಹೊಸ ಕ್ಲಚ್ ಸುದ್ದಾ ಆರ ತಿಂಗಳಿಗೆ ಇದೇ ಗತಿಗೆ ಬರ್ತದ.

ಮೊದಲ ಲೆಕ್ಕ ಒಂದ್ ಸಲ ಕಣ್ಣಿಗೆ ಹಾಕ್ಕೋರಿ. ಕ್ಲಚ್ ಎಷ್ಟ ಟಾರ್ಕ್ ಹಿಡೀತದ ಅನ್ನೋದು ನಾಕ ವಿಷಯದ ಮ್ಯಾಲ ನಿಂತದ, ಪ್ಲೇಟಿನ ಮೈ ಎಷ್ಟ ಗಟ್ಟಿ ಹಿಡ್ಕೋತದ ಅನ್ನೋದು ಅಂದ್ರ ಫ್ರಿಕ್ಷನ್, ಪ್ರೆಶರ್ ಪ್ಲೇಟ್ ಎಷ್ಟ ಜೋರ ಒತ್ತತದ, ಪ್ಲೇಟಿನ ಸರಾಸರಿ ತ್ರಿಜ್ಯ ಎಷ್ಟು, ಮತ್ತ ಎಷ್ಟ ಮೈ ಉಜ್ಜತಾವ. ಒಂದ ಪ್ಲೇಟಿಗೆ ಎರಡ ಮೈ. ಈ ನಾಕೂ ಗುಣಸ್ರಿ. ಉದಾಹರಣಿಗೆ ಫ್ರಿಕ್ಷನ್ 0.3, ಒತ್ತೋ ಜೋರ 5000 ನ್ಯೂಟನ್, ತ್ರಿಜ್ಯ 95 ಎಂಎಂ ಅಂದ್ರ 0.095 ಮೀಟರ್, ಮೈ ಎರಡು ಅಂತ ಹಿಡೀರಿ, ಗುಣಿಸಿದ್ರ 285 ಎನ್‌ಎಂ ಬರ್ತದ. ನಿಮ್ ಗಾಡಿ ಕಂಪನಿಯಿಂದ ಬಂದಾಗ 150 ಪಿಎಸ್, 210 ಎನ್‌ಎಂ. ಅಂದ್ರ ಇಂಥ ಕ್ಲಚ್ಚಿನ್ಯಾಗ 75 ಎನ್‌ಎಂ ಉಳಿತಾಯ ಇರ್ತದ. ಈಗ ರಿಮ್ಯಾಪಿನ 280 ಬಂತು ಅಂದ್ರ ಆ ಉಳಿತಾಯ ಎಲ್ಲಾ ಹೋಯ್ತು, ದಾರದ ಮ್ಯಾಲ ನಿಂತಂಗ ಆಯ್ತು. ಅದ್ರ ಮ್ಯಾಲ ಒಂದ ಸಲ ಜಾರಿ ಪ್ಲೇಟ್ ಕಾಯ್ತು ಅಂತ ತಿಳ್ಕೋರಿ, ಫ್ರಿಕ್ಷನ್ 0.3 ಇದ್ದದ್ದು 0.2ಕ್ಕ ಇಳೀತು, ಅದೇ ಕ್ಲಚ್ 190 ಎನ್‌ಎಂ ಅಷ್ಟೇ ಹಿಡೀತದ, ಅಂದ್ರ ಕಂಪನಿ ಟಾರ್ಕ್ ಸುದ್ದಾ ಹಿಡಿಯಂಗಿಲ್ಲ. ಅದಕ್ಕ ಮೊದಲನೇ ಲಾರಿ ಓವರ್‌ಟೇಕ್ ಮಾಡುಮುಂದ ಒಂದೀಟು ಜಾರ್ತದ, ಮೂರನೇ ಲಾರಿಗೆ ಪೂರಾ ಕೈ ಬಿಡ್ತದ. ಈ ಅಂಕಿ ತಿಳೀಲಿ ಅಂತ ಹಿಡಿದಿದ್ದು, ನಿಮ್ ಗಾಡಿಯ ಪ್ಲೇಟ್ ಅಳತಿ ಅಲ್ಲ, ಆದ್ರ ಕ್ಲಚ್ ಹಿಂಗೇ ಸಾಯ್ತದ.

ಈಗ ಪರೀಕ್ಷಾ. ಖಾಲಿ ರಸ್ತಾದಾಗ ನಾಕನೇ ಗೇರ್, 2000 ಆರ್‌ಪಿಎಂ, ಅಲ್ಲಿಂದ ಪೂರಾ ಒತ್ತರಿ. ಆರ್‌ಪಿಎಂ ಮುಳ್ಳು ಸ್ಪೀಡ್ ಮುಳ್ಳಿನ ಜೋಡಿ ಹೋಗ್ಬೇಕು. ಮುಳ್ಳು ಒಮ್ಮೆಲೇ 500, 600 ಜಿಗದು ಸ್ಪೀಡ್ ಅಲ್ಲೇ ಉಳಿದ್ರ ಕ್ಲಚ್ಚೇ ಜಾರ್ತದ, ಸಂಶಯ ಇಲ್ಲ. ಎರಡೂ ಏರಲಾರದ ಸುಮ್ನ ಮಂದ ಆದ್ರ ಅದು ಟರ್ಬೊ ಪೈಪ್ ಗಾಳಿ ಬಿಡೋದು ಇರ್ಬಹುದು, ಕ್ಲಚ್ ಅಲ್ಲ. ಎರಡ ಸಲಕ್ಕಿಂತ ಹೆಚ್ಚಿಗಿ ಮಾಡಬ್ಯಾಡ್ರಿ, ಪ್ರತಿ ಸಲ ಫ್ಲೈವೀಲ್ ಸುಡ್ತದ.

ಜಾರ್ತದ ಅಂತ ಗೊತ್ತಾದ ಮ್ಯಾಲ ಗಾಡಿ ಕೆಳಗ ಹೋಗಿ ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡಬರಕ ಇರೋ ಕೂಡು, ಕೆಳಗಿನ ಬಾಜೂ, ಒಂದ ಬಿಳಿ ಅರಬಿಲೆ ಒರಸ್ರಿ. ಎಣ್ಣಿ ಹತ್ತಿದ್ರ ಮೂಗಿಗೆ ಹಿಡೀರಿ. ಕರ್ರಗ ಇದ್ದು ಸುಟ್ಟ ಎಣ್ಣಿ ವಾಸನಿ ಬಂದ್ರ ಎಂಜಿನ್ ಆಯಿಲ್, ಅಂದ್ರ ಕ್ರ್ಯಾಂಕಿನ (ಎಂಜಿನ್ನಿನ ತಿರುಗೋ ಮುಖ್ಯ ಶಾಫ್ಟಿನ) ಹಿಂದಿನ ಸೀಲ್ ಹೋಗ್ಯದ. ಗಂಧಕದ ವಾಸನಿ, ಕಡ್ಡಿಪೆಟ್ಟಿಗಿ ಕಡ್ಡಿ ಕೊರದಂಗ ಮೂಗಿಗೆ ಹೊಡೆದ್ರ ಗೇರ್ ಆಯಿಲ್, ಗೇರ್‌ಬಾಕ್ಸ್ ಶಾಫ್ಟಿನ ಸೀಲ್ ಹೋಗ್ಯದ. ಎಣ್ಣಿ ಹತ್ತಿದ ಪ್ಲೇಟ್ ಹಿಡಿಯಂಗಿಲ್ಲ, ನೀವ್ ಎಷ್ಟ ಜೋರಿನ ಕ್ಲಚ್ಚರ ಹಾಕ್ರಿ. ಇನ್ನೊಂದು, ಕ್ಲಚ್ ಪೆಡಲ್ ಮ್ಯಾಲ ತುದಿ ಕಾಲು ಇಟ್ಟು ಗಾಡಿ ಹೊಡಿಯೋ ರೂಢಿ ಇದ್ರ ಈಗ ಬಿಡ್ರಿ, ಅದು ಅರ್ಧ ಕ್ಲಚ್ ಒತ್ತಿದಂಗೇ.

ಯಾವ ಕ್ಲಚ್ ಅನ್ನೋದು. ಆರು ಪಕ್‌ನ ಸೆರಾಮಿಕ್ ನಿಮಗ ಬ್ಯಾಡ್ರಿ. ಇದು ನನ್ನ ಸ್ಪಷ್ಟ ಅಭಿಪ್ರಾಯ. ಅದು ಬಿಸಿ ತಡೀತದ, ಹಿಡಿತ ಭಾಳ ಜೋರ, ಟ್ರ್ಯಾಕಿನ್ಯಾಗ ಹೊಡಿಯವರಿಗೆ ಛಲೋ. ಆದ್ರ ಅದು ಹಿಡಿದ್ರ ಹಿಡೀತದ, ಬಿಟ್ರ ಬಿಡ್ತದ, ನಡಬರಕ ಏನೂ ಇಲ್ಲ. ಸೂಪರ್ ಮಾರ್ಕೆಟ್ ಕಡಿ ಸಂಜಿಗೆ ಆಟೋ, ಬೈಕು, ತಳ್ಳುಗಾಡಿ ನಡಬರಕ ಗಾಡಿ ಇಂಚಿಂಚು ಸರಸೋ ಮುಂದ ಪ್ರತಿ ಸಲ ಗಾಡಿ ಗಡಗಡ ನಡಗತದ, ರಿವರ್ಸಿನ್ಯಾಗಂತೂ ಹಲ್ಲ ಕಟಕಟ ಅಂತಾವ. ಫ್ಲೈವೀಲಿನ ಮುಖಾನೂ ದೌಡ ತಿಂತದ. ನಿಮ್ ಟಾರ್ಕಿಗೆ ಬೇಕಾದದ್ದು ಆರ್ಗ್ಯಾನಿಕ್ ಪ್ಲೇಟೇ, ಅಂದ್ರ ಕಂಪನಿ ಗಾಡಿಗೆ ಬರೋ ಸಾದಾ ಮೈಯಿಂದು, ಅದಕ್ಕ ಜೋರ ಒತ್ತೋ ಪ್ರೆಶರ್ ಪ್ಲೇಟ್. ಸಿಂಗಲ್ ಮಾಸ್ ಫ್ಲೈವೀಲ್ ಹಾಕಿದ್ರ ಮಾತ್ರ ಪ್ಲೇಟಿನ ನಡು ಹಬ್ಬಿನ್ಯಾಗ ಸ್ಪ್ರಿಂಗ್ ಇರೋದು ತಗೋರಿ. ಮ್ಯಾಲಿನ ಲೆಕ್ಕದಾಗ 5000 ಇದ್ದದ್ದು 6500 ಮಾಡ್ರಿ, 370 ಎನ್‌ಎಂ ಆಯ್ತು, ಸಾಕಲ್ರಿ. ಸ್ಯಾಕ್ಸ್, ಲುಕ್, ವಾಲಿಯೊ, ಎಕ್ಸಿಡಿ ಇವೆಲ್ಲಾ ಕಂಪನಿಗಳಿಗೇ ಕ್ಲಚ್ ಮಾಡಿ ಕೊಡೋ ಹೆಸರುಗಳು. ಆದ್ರ ಪಾರ್ಟ್ ನಂಬರ್ ಬರೇ ಗಾಡಿ ಹೆಸರಿನ ಮ್ಯಾಲ ತಗೋಬ್ಯಾಡ್ರಿ, ಎಂಜಿನ್ ಕೋಡ್, ಗೇರ್‌ಬಾಕ್ಸ್ ಕೋಡ್ ಎರಡೂ ಹೇಳಿ ತಗೋರಿ, ಪ್ಲೇಟಿನ ವ್ಯಾಸ ಮತ್ತ ನಡುವಿನ ಹಲ್ಲು ಎರಡೂ ಕೂಡಬೇಕು. ಪ್ರೆಶರ್ ಪ್ಲೇಟ್ ಅತೀ ಗಟ್ಟಿನೂ ತರಬ್ಯಾಡ್ರಿ, ಪೆಡಲ್ ಕಲ್ಲಾಗ್ತದ, ಮತ್ತ ನೀವ್ ಪೆಡಲ್ ಒತ್ತಿದಾಗೆಲ್ಲಾ ಆ ಜೋರ ಎಂಜಿನ್ನಿನ ಕ್ರ್ಯಾಂಕನ್ನ ಮುಂದಕ ನೂಕ್ತದ, ಅದನ್ನ ತಡಿಯೋ ಥ್ರಸ್ಟ್ ಬೇರಿಂಗ್ ಸವೀತದ. ಸಿಗ್ನಲ್‌ನಾಗ ಕ್ಲಚ್ ಒತ್ತಿ ಹಿಡ್ಕೊಂಡು ನಿಲ್ಲೋದಕಿಂತ ನ್ಯೂಟ್ರಲ್ ಮಾಡ್ರಿ ಅಂತ ನಾ ಎಲ್ಲಾರಿಗೂ ಹೇಳೋದು ಇದಕ್ಕೇ.

ಫ್ಲೈವೀಲ್ ವಿಷಯ. ನಿಮ್ ಗಾಡಿಗೆ ಕಂಪನಿ ಕೊಟ್ಟದ್ದು ಡ್ಯೂಯಲ್ ಮಾಸ್, ಅಂದ್ರ ಎರಡ ಭಾರದ ಚಕ್ರ, ನಡಬರಕ ಸ್ಪ್ರಿಂಗು ಮತ್ತ ಗ್ರೀಸು. ಎಂಜಿನ್ ಒಂದೊಂದ್ ಸಲ ಸಿಡಿದಾಗ ಬರೋ ಝಟಕಾ ಆ ಸ್ಪ್ರಿಂಗ್ ನುಂಗ್ತಾವ, ಗೇರ್‌ಬಾಕ್ಸಿಗೆ ಹೋಗ್ಲಾಕ ಬಿಡಂಗಿಲ್ಲ. ಹಗುರ ಸಿಂಗಲ್ ಮಾಸ್ ಹಾಕಿದ್ರ ಆರ್‌ಪಿಎಂ ದೌಡ ಏರ್ತದ, ಇಳೀತದ, ಮಜಾ ಅದ, ಸುಳ್ಳಲ್ಲ. ಆದ್ರ ನಿಂತಾಗ ಗೇರ್‌ಬಾಕ್ಸ್ ಒಳಗ ಡಬ್ಬಿನ್ಯಾಗ ಕಡ್ಲಿಕಾಳು ಅಲ್ಲಾಡಿಸಿದಂಗ ಸಪ್ಪಳ ಬರ್ತದ, ಎಸಿ ಹಚ್ಚಿ ನಿಂತಾಗ ಎಂಜಿನ್ ಬಂದ್ ಬೀಳೋ ಹಂಗ ಆಗ್ತದ, ಕಲಬುರಗಿ ಮೇ ತಿಂಗಳದಾಗ ಎಸಿ ಇಲ್ಲದ ಗಾಡಿ ಯಾರ ಹೊಡೀತಾರ ಹೇಳ್ರಿ. ನಿಮ್ ಡ್ಯೂಯಲ್ ಮಾಸ್ ಛಲೋ ಇದ್ರ ಅದನ್ನೇ ಇಡ್ರಿ. ಹೋಗಿದ್ರ ಹೊಸ ಡ್ಯೂಯಲ್ ಮಾಸ್ ಹಾಕ್ರಿ, ಅದು ತುಟ್ಟಿ ಆಯ್ತು ಅಂದ್ರ ಕಂಪನಿ ತೂಕದ ಹತ್ರ ಇರೋ ಸಿಂಗಲ್ ಮಾಸ್ ಸ್ಪ್ರಿಂಗ್ ಪ್ಲೇಟಿನ ಜೋಡಿ ಹಾಕ್ರಿ, ಭಾಳ ಹಗುರದ್ದು ಬ್ಯಾಡ. ಬದಲಿ ಮಾಡಿದ್ರ ಫ್ಲೈವೀಲ್ ಬೋಲ್ಟೂ ಅದ್ರ ಜೋಡಿ ಬರೋವೇ ಹಾಕ್ಬೇಕು, ಡ್ಯೂಯಲ್ ಮಾಸಿನ ಬೋಲ್ಟ್ ಉದ್ದ ಬ್ಯಾರೆ, ಸಿಂಗಲ್ ಮಾಸಿನ ಬೋಲ್ಟ್ ಉದ್ದ ಬ್ಯಾರೆ.

ಸಾಮಾನು ತರಸೋ ಮುಂದ ಒಂದ ಮಾತು ನೆನಪಿಡ್ರಿ. ಈ ಕೆಲಸದಾಗ ಹತ್ತ ತಾಸು ಗೇರ್‌ಬಾಕ್ಸ್ ಇಳಿಸಿ ಏರಸ್ಲಾಕ ಹೋಗ್ತದ, ಪ್ಲೇಟ್ ಬದಲಿ ಅರ್ಧ ತಾಸು. ಹಂಗಾಗಿ ಗೇರ್‌ಬಾಕ್ಸ್ ಕೆಳಗ ಇದ್ದಾಗ ಮುಟ್ಟಬಹುದಾದ್ದೆಲ್ಲಾ ಆಗಲೇ ಹೊಸದು ಹಾಕ್ಬೇಕು. ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟ್ ಒತ್ತೋದು), ಅದು ಸರಿದಾಡೋ ಗೈಡ್ ಟ್ಯೂಬ್, ಕ್ರ್ಯಾಂಕ್ ಹಿಂದಿನ ಸೀಲ್, ಗೇರ್‌ಬಾಕ್ಸ್ ಶಾಫ್ಟ್ ಸೀಲ್, ಫ್ಲೈವೀಲ್ ಬೋಲ್ಟ್. ರಿಲೀಸ್ ಫೋರ್ಕ್ (ಆ ಬೇರಿಂಗ್ ನೂಕೋ ಲಿವರ್) ಗುಂಡಿನ ಮ್ಯಾಲ ಕುಂದ್ರೋ ಜಾಗಾ ಸವದು ತಗ್ಗು ಬಿದ್ದಿದ್ರ ಅದೂ ಹೊಸದು. ನಮ್ಮಲ್ಲಿ ಸಿಗಂಗಿಲ್ಲ, ಸಿಕಂದರಾಬಾದಿನ ರಾಣಿಗಂಜ್ ಕಡಿಯಿಂದ ತರಸ್ರಿ, ಗಾಡಿ ಬಿಚ್ಚೋಕಿಂತ ಮೊದಲ ಎಲ್ಲಾ ಮನ್ಯಾಗ ಬಂದಿರ್ಬೇಕು. ಹಿಂದ ಒಬ್ಬರು ಸೀಲ್ ಹದಿನೈದ ದಿನ ತಡ ಆಗ್ಯದ ಅಂತ ಗಾಡಿ ಸ್ಟ್ಯಾಂಡಿನ ಮ್ಯಾಲೇ ಬಿಟ್ಟಿದ್ರು, ಕೆಳಗ ಮಕ್ಕಳು ಆಡ್ಲತ್ತಿದ್ರು, ನಂಗ ನೋಡಿ ಎದಿ ಧಸಕ್ ಅಂತು.

ಅದೇ ಮಾತಿಗೆ ಬರ್ತೀನಿ. ಶಹಾಬಾದಿ ಫರಸಿ ನೋಡ್ಲಾಕ ಗಟ್ಟಿ, ಆದ್ರ ಅದು ಹಾಳಿ ಹಾಳಿ ಇರೋ ಕಲ್ಲು. ಕೆಳಗಿನ ಮಣ್ಣು ಒಂದ ಕಡಿ ಕುಸಿದು ಟೊಳ್ಳಾಗಿದ್ರ ಜಾಕ್ ಸ್ಟ್ಯಾಂಡಿನ ಕಾಲು ಕುಂತಲ್ಲಿ ಪಟ್ ಅಂತ ಒಡೀತದ. ನಮ್ ಮನಿ ಅಂಗಳದಾಗೇ ಆಗ್ಯದ್ರಿ, ಸ್ಟ್ಯಾಂಡಿನ ಒಂದ ಕಾಲು ಇಂಚಿನಷ್ಟು ಒಳಗ ಇಳೀತು, ಗಾಡಿ ವಾಲ್ತು, ಆಗ ನಾ ಕೆಳಗ ಇರಲಿಲ್ಲ ಅನ್ನೋದು ದೇವರ ದಯಾ. ಅವತ್ತಿಂದ ಹಿಂಗ ಮಾಡ್ತೀನಿ, ಮೊದಲ ಸುತ್ತಿಗಿ ಹಿಡಕಿಯಿಂದ ಪ್ರತಿ ಫರಸಿ ಬಡದು ನೋಡೋದು, ಠಣ್ ಅಂದ್ರ ತುಂಬ್ಯದ, ಧಬ್ ಅಂದ್ರ ಕೆಳಗ ಟೊಳ್ಳು. ಟೊಳ್ಳ ಇದ್ದಲ್ಲಿ ಸ್ಟ್ಯಾಂಡ್ ಇಡಂಗೇ ಇಲ್ಲ. ತುಂಬಿದ್ದಲ್ಲಿ ಸುದ್ದಾ ಪ್ರತಿ ಸ್ಟ್ಯಾಂಡಿನ ಕೆಳಗ 18 ಎಂಎಂ ಪ್ಲೈವುಡ್, ಒಂದೂವರಿ ಫೂಟ್ ಚೌಕ, ಹಾಕೋದು. ಎರಿ ಮಣ್ಣಿನ ಬಯಲಾಗಂತೂ ಈ ಕೆಲಸ ಮಾಡ್ಲೇಬ್ಯಾಡ್ರಿ. ಹಿಂದಿನ ಗಾಲಿಗೆ ಎರಡೂ ಕಡಿ ಕಲ್ಲು ಕೊಡ್ರಿ, ಮುಂದ ಎರಡ ಸ್ಟ್ಯಾಂಡ್ ಗಾಡಿ ಪಾಯಿಂಟಿಗೆ ಸರಿಯಾಗಿ ಕುಂದ್ರಸ್ರಿ, ತಗದ ಗಾಲಿ ಎರಡೂ ಗಾಡಿ ಅಂಚಿನ ಕೆಳಗ ಮಲಗಸಿ ಇಡ್ರಿ, ಸ್ಟ್ಯಾಂಡ್ ಜಾರಿದ್ರೂ ಗಾಡಿ ಗಾಲಿ ಮ್ಯಾಲ ನಿಲ್ತದ. ಇಷ್ಟಾದ ಮ್ಯಾಲ ಇಬ್ಬರೂ ಕೂಡಿ ಗಾಡಿ ಜೋರಾಗಿ ಅಲ್ಲಾಡಿಸಿ ನೋಡ್ರಿ, ಬೀಳೋದಿದ್ರ ಆಗ ಬೀಳ್ಲಿ. ಜಾಕಿನ ಮ್ಯಾಲೇ ನಿಂತ ಗಾಡಿ ಕೆಳಗ ಒಂದ ಕೈ ಸುದ್ದಾ ಹಾಕಬ್ಯಾಡ್ರಿ. ಒಬ್ಬಂವ ಕೆಳಗ ಇದ್ದಾಗ ಇನ್ನೊಬ್ಬಂವ ಅಲ್ಲೇ ಇರ್ಬೇಕು.

ಬಿಚ್ಚೋದು ಶುರು ಮಾಡ್ರಿ, ಮುಂಜಾನಿ ಐದೂವರಿ ಆರಕ್ಕ, ಬ್ಯಾಸಗಿ ಇದ್ರ ಹತ್ತರ ಮ್ಯಾಲ ಪಾನಾ ಕೈಯಾಗ ಹಿಡಿಯಂಗಿಲ್ಲ. ಬ್ಯಾಟರಿ ನೆಗೆಟಿವ್ ಮೊದಲ, ಆಮ್ಯಾಲ ಬ್ಯಾಟರಿ, ಅದ್ರ ಟ್ರೇ, ಏರ್ ಫಿಲ್ಟರ್ ಡಬ್ಬಿ. ಗೇರ್ ಕೇಬಲ್ ಎರಡೂ ಲಿವರಿನಿಂದ ಬಿಡಸ್ರಿ, ಅಡ್ಜಸ್ಟರ್ ಮಾತ್ರ ಮುಟ್ಟಬ್ಯಾಡ್ರಿ, ಬ್ರ್ಯಾಕೆಟ್ ಸಮೇತ ಒಂದ ಕಡಿ ಕಟ್ಟಿಡ್ರಿ. ಕ್ಲಚ್ ಸ್ಲೇವ್ ಸಿಲಿಂಡರ್, ಅಂದ್ರ ಪೆಡಲಿನ ಎಣ್ಣಿ ಜೋರಲೆ ಕ್ಲಚ್ ನೂಕೋದು, ಗೇರ್‌ಬಾಕ್ಸ್ ಹೊರಗೇ ಎರಡ ಬೋಲ್ಟಿನ ಮ್ಯಾಲ ಇರ್ತದ, ಪೈಪ್ ಬಿಚ್ಚಲಾರದ ಹಂಗೇ ತಗದು ತಂತಿಲೆ ಮ್ಯಾಲ ಕಟ್ರಿ. ಇದಾದ ಮ್ಯಾಲ ಯಾರರ ಕ್ಲಚ್ ಪೆಡಲ್ ಒತ್ತಿದ್ರೋ, ಅದ್ರೊಳಗಿನ ಪಿಸ್ಟನ್ ಹೊರಗ ಬಂದು ಬಿದ್ದು ಎಣ್ಣಿ ಎಲ್ಲಾ ಚೆಲ್ತದ. ಪೆಡಲ್ ಹಿಂದ ಒಂದ ಕಟ್ಟಗಿ ತುಂಡು ಸಿಗಸಿ ಇಡ್ರಿ, ಮನ್ಯಾಗ ಸಣ್ಣ ಹುಡುಗರು ಇದ್ರ ಸ್ಟೀರಿಂಗ್ ಹಿಡಿದು ಆಡ್ಲಾಕ ಬಂದೇ ಬರ್ತಾವ. ಸ್ಟಾರ್ಟರ್ ತಗೀರಿ, ರಿವರ್ಸ್ ಸ್ವಿಚ್ ವೈರ್, ಅರ್ಥ್ ವೈರ್ ಬಿಡಸ್ರಿ, ಪ್ರತಿ ವೈರ್ ಫೋಟೋ ಹೊಡ್ಕೋರಿ.

ಆಕ್ಸಲ್ ಗೇರ್‌ಬಾಕ್ಸ್ ಕಡಿ ಫ್ಲೇಂಜಿಗೆ ಬೋಲ್ಟ್ ಮ್ಯಾಲ ಕೂಡಿರ್ತಾವ, ಅಲ್ಲೇ ಬಿಚ್ಚಿದ್ರ ಗೇರ್ ಆಯಿಲ್ ಇಳಸೋದು ಬೇಕಾಗಂಗಿಲ್ಲ. ಆದ್ರ ಈ ಬೋಲ್ಟಿನ ತಲಿಯಾಗ ಹನ್ನೆರಡ ಮೂಲಿಯ ತೂತು ಇರ್ತದ, ಆಲನ್ ಅಲ್ಲ, ಟಾರ್ಕ್ಸ್ ಅಲ್ಲ, ಅದಕ್ಕ ಬ್ಯಾರೆ ಬಿಟ್ ಬೇಕು. ಅದ್ರಾಗ ವರ್ಷಗಟ್ಲೆ ಮಣ್ಣು ಗ್ರೀಸು ಕೂಡಿ ಕಲ್ಲಾಗಿರ್ತದ. ಒಂದ ಮೊಳಿಯಿಂದ ತಳಾ ಕಾಣೋ ತನಕ ಕೆದರಿ ತಗೀರಿ, ಬಿಟ್ ಇಟ್ಟು ಸುತ್ತಿಗಿಲೆ ಎರಡ ಪೆಟ್ಟು ಹೊಡದು ಕುಂದ್ರಸ್ರಿ, ಪೂರಾ ಒಳಗ ಹೋಗ್ಯದ ಅಂತ ಕೈಗೆ ಗೊತ್ತಾದ ಮ್ಯಾಲೇ ತಿರುವ್ರಿ. ಅರ್ಧ ಕುಂತ ಬಿಟ್ ತಿರುವಿದ್ರ ಬೋಲ್ಟಿನ ತಲಿ ದುಂಡಗ ಆಗ್ತದ, ಆಮ್ಯಾಲ ಅದೊಂದ ಬೋಲ್ಟಿಗೆ ಪೂರಾ ದಿನ. ಬಿಚ್ಚಿದ ಆಕ್ಸಲ್ ಜೋತಾಡ್ಲಾಕ ಬಿಡಬ್ಯಾಡ್ರಿ, ತಂತಿಲೆ ಕಟ್ರಿ, ಇಲ್ಲಂದ್ರ ಅದ್ರ ರಬ್ಬರ್ ಬೂಟ್ ಹರೀತದ.

ಗೇರ್‌ಬಾಕ್ಸ್ ಮೌಂಟ್ ತಗದ್ರ ಎಂಜಿನ್ ಆ ಕಡಿ ಬೀಳ್ತದ, ಹಂಗಾಗಿ ಎಂಜಿನ್ ಮೊದಲೇ ಮ್ಯಾಲಿಂದ ಹಿಡಿಬೇಕು. ಸಪೋರ್ಟ್ ಬಾರ್ ಯಾರ ಗ್ಯಾರೇಜಿನಾಗರ ಎರಡ ದಿನಕ್ಕ ಕೇಳಿ ತರ್ರಿ, ಎಂಜಿನ್ನಿನ ಎತ್ತೋ ಕೊಕ್ಕಿಗೆ ಸರಪಳಿ ಹಾಕಿ ಅದ್ರಿಂದ ಹಿಡೀರಿ. ಕೆಳಗಿಂದ ಆಯಿಲ್ ಸಂಪಿಗೆ ಜಾಕ್ ಕೊಡಬ್ಯಾಡ್ರಿ, ಅಲ್ಯೂಮಿನಿಯಂ ಸಂಪ್ ಸೀಳ್ತದ. ಗೇರ್‌ಬಾಕ್ಸ್ 40 ಕೆಜಿ ಮ್ಯಾಲ ಇರ್ತದ, ಅರ್ಧ ಕ್ವಿಂಟಲ್ ಬೇಳಿ ಚೀಲ ಎದಿ ಮ್ಯಾಲ ಇಳಿಸ್ಕೊಂಡಂಗ, ಅದೂ ಚೀಲದಂಗ ಮೆತ್ತಗ ಅಲ್ಲ, ಒಂದ ಕಡಿ ಭಾರ ಹೆಚ್ಚು, ತಿರುಗಿ ಬೀಳ್ತದ. ಟ್ರಾಲಿ ಜಾಕಿನ ಮ್ಯಾಲ ಹಲಗಿ ಇಟ್ಟು ಬೆಲ್ಟಿಲೆ ಬಿಗದು ಹಗುರಕ ಇಳಸ್ರಿ. ಹೊರಗ ಎಳಿಯೋ ಮುಂದ ಗೇರ್‌ಬಾಕ್ಸ್ ನೆಟ್ಟಗ, ಎಂಜಿನ್ನಿಗೆ ಸಮನಾಗಿ ಬರಬೇಕು. ಶಾಫ್ಟ್ ಇನ್ನೂ ಪ್ಲೇಟಿನ ಒಳಗ ಇದ್ದಾಗ ಗೇರ್‌ಬಾಕ್ಸ್ ಭಾರ ಜೋತು ಬಿತ್ತು ಅಂದ್ರ ಪ್ಲೇಟಿನ ನಡು ಹಬ್ ಬಗ್ತದ. ತಗಿಯೋ ಮುಂದ ಹಳೀ ಪ್ಲೇಟ್, ಹೋದ್ರ ಹೋಗ್ಲಿ. ಹಚ್ಚೋ ಮುಂದ ಹೊಸ ಪ್ಲೇಟ್ ಹಿಂಗ ಬಗ್ಗಿದ್ರ ನೀವ್ ಮಾಡಿದ್ದೆಲ್ಲಾ ನೀರಾಗ ಹಾಕಿದಂಗ, ಗಾಡಿ ನಡಗತದ, ಕ್ಲಚ್ ಪೂರಾ ಬಿಡಂಗಿಲ್ಲ, ಗೇರ್ ಕರ್ ಅಂತ ಬೀಳ್ತದ.

ಗೇರ್‌ಬಾಕ್ಸ್ ಕೆಳಗ ಬಂತು. ಒಳಗ ಕರ್ರನ ಧೂಳು ಇರ್ತದ, ಗಾಳಿ ಹೊಡಿಬ್ಯಾಡ್ರಿ, ಹಳೀ ಕ್ಲಚ್ಚಿನ್ಯಾಗ ಆಸ್ಬೆಸ್ಟಾಸ್ ಇರೋ ಸಾಧ್ಯತಾ ಅದ, ಅದು ಪುಪ್ಪಸಕ್ಕ ಹೋದ್ರ ಹೊರಗ ಬರಂಗಿಲ್ಲ. ಮಾಸ್ಕ್ ಹಾಕ್ಕೋರಿ, ಬ್ರೇಕ್ ಕ್ಲೀನರ್ ಹೊಡದು ಹಸಿ ಅರಬಿಲೆ ಒರಸ್ರಿ, ಆ ಅರಬಿ ಚೀಲದಾಗ ಕಟ್ಟಿ ಒಗೀರಿ. ಪ್ರೆಶರ್ ಪ್ಲೇಟ್ ಬೋಲ್ಟ್ ಎದರ ಬದರ ಕಾಲು ಕಾಲು ಸುತ್ತು ಸಡಲ ಮಾಡ್ರಿ, ಒಂದ ಕಡಿ ಪೂರಾ ತಗದ್ರ ಸ್ಪ್ರಿಂಗ್ ಒತ್ತಿ ಅಂಚು ಸೊಟ್ಟಾಗ್ತದ. ಈಗ ಹಳೀ ಪ್ಲೇಟ್ ಬೆಳಕಿಗೆ ಹಿಡೀರಿ. ರಿವಿಟ್ ತನಕ ಸವದಿದ್ರ ಅದ್ರ ಆಯುಷ್ಯ ಮುಗಿದಿತ್ತು. ದಪ್ಪ ಇನ್ನೂ ಛಲೋ ಇದ್ದು ಮೈ ಗಾಜಿನಂಗ ಹೊಳದ್ರ ಟಾರ್ಕ್ ತಡೀಲಾರದ ಸುಟ್ಟದ. ಒಂದ ಮೈ ಕರ್ರಗ ಹಸಿ ಇದ್ರ ಸೀಲ್. ನಾ ಮೊದಲ ಹೇಳಿದ ಪ್ರಶ್ನಿಗೆ ಉತ್ತರ ಇದ್ರಾಗೇ ಅದ, ಅದಕ್ಕ ಆತುರ ಮಾಡಲಾರದ ನೋಡ್ರಿ. ಫ್ಲೈವೀಲ್ ಮುಖದ ಮ್ಯಾಲ ನೀಲಿ ಕಲೆ ಇದ್ರ ಬಿಸಿ ತಿಂದದ, ಸಣ್ಣ ಸೀಳು ಉಗುರಿಗೆ ಹತ್ತಿದ್ರ ಅದು ಒಗಿಯೋ ಮಾಲು. ಡ್ಯೂಯಲ್ ಮಾಸ್ ಆದ್ರ ಹೊರಗಿನ ಭಾಗ ಕೈಲೆ ತಿರುವಿ ನೋಡ್ರಿ, ಸ್ವಲ್ಪ ತಿರುಗಿ ಸ್ಪ್ರಿಂಗ್ ಹಿಂದಕ ನೂಕೋದು ಸಹಜ, ಲಟಕ್ ಲಟಕ್ ಸಪ್ಪಳ ಬಂದ್ರ, ಹಿಂದ ಮುಂದ ಅಲುಗಿದ್ರ, ಇಲ್ಲಾ ಗ್ರೀಸ್ ಹೊರಗ ಚಿಮ್ಮಿದ್ರ ಹೋಗ್ಯದ. ಅದನ್ನ ಲೇಥಿಗೆ ಕೊಟ್ಟು ಮುಖ ಹೊಡಸ್ಕೊಂಡು ಬರೋದು ಬ್ಯಾಡ. ಸಿಂಗಲ್ ಮಾಸ್ ಆದ್ರ ಹಗುರಕ ಒಂದ ಕೈ ಹೊಡಸ್ಬಹುದು.

ಕ್ರ್ಯಾಂಕ್ ಸೀಲ್ ಹೊಸದು ಹಾಕುಮುಂದ ಅದು ಪಿಟಿಎಫ್‌ಇ (ಟೆಫ್ಲಾನ್) ಲಿಪ್ಪಿಂದು ಇದ್ರ ಎಣ್ಣಿ ಗ್ರೀಸು ಏನೂ ಹಚ್ಚಬ್ಯಾಡ್ರಿ, ಒಣಗೇ ಹಾಕ್ಬೇಕು, ಹಳೀ ರಬ್ಬರ್ ಸೀಲಿನ ರೂಢಿ ಇಲ್ಲಿ ನಡಿಯಂಗಿಲ್ಲ. ಫ್ಲೈವೀಲ್ ಹೊಸ ಬೋಲ್ಟ್, 60 ಎನ್‌ಎಂ, ಅದಾದ ಮ್ಯಾಲ 90 ಡಿಗ್ರಿ. ಇವು ಎಳದು ಉದ್ದಾಗೋ ಜಾತಿ ಬೋಲ್ಟ್, ಒಂದ ಸಲ ಎಳದದ್ದು ಇನ್ನೊಮ್ಮೆ ಹಾಕಂಗಿಲ್ಲ. ಇದನ್ನ ಟಾರ್ಕ್ ರೆಂಚಿನಿಂದನೇ ಮಾಡ್ರಿ, ಕೈ ಅಂದಾಜಿಗೆ ಬ್ಯಾಡ. ಫ್ಲೈವೀಲ್ ಮತ್ತ ಪ್ರೆಶರ್ ಪ್ಲೇಟಿನ ಮುಖಕ್ಕ ಕಂಪನಿಯವರು ತುಕ್ಕು ಹಿಡೀಬಾರದು ಅಂತ ಎಣ್ಣಿ ಹಚ್ಚಿರ್ತಾರ, ಬ್ರೇಕ್ ಕ್ಲೀನರ್‌ಲೆ ಪೂರಾ ತಗೀರಿ, ಆಮ್ಯಾಲ ಬರಿಗೈಲೆ ಮುಟ್ಟಬ್ಯಾಡ್ರಿ. ಪ್ಲೇಟಿನ ಮ್ಯಾಲ ಯಾವ ಕಡಿ ಗೇರ್‌ಬಾಕ್ಸಿಗೆ ಅಂತ ಬರದಿರ್ತದ, ಜರ್ಮನಿ ಮಾಲಾದ್ರ ‘ಗೆಟ್ರೀಬೆಝೈಟೆ’ ಅಂತ ಇರ್ತದ, ಅಂದ್ರ ಗೇರ್‌ಬಾಕ್ಸ್ ಬಾಜೂ. ಉಲ್ಟಾ ಹಾಕಿದ್ರ ಹಬ್ ಫ್ಲೈವೀಲ್ ಬೋಲ್ಟಿಗೆ ತಾಕ್ತದ, ಅದು ಗಾಡಿ ಸ್ಟಾರ್ಟ್ ಆದ ಮ್ಯಾಲೇ ಗೊತ್ತಾಗೋದು.

ಪ್ಲೇಟ್ ಹಾಕೋಕಿಂತ ಮೊದಲ ಬರೇ ಪ್ಲೇಟನ್ನ ಗೇರ್‌ಬಾಕ್ಸ್ ಶಾಫ್ಟಿಗೆ ಏರಿಸಿ ಹಿಂದ ಮುಂದ ಸರಸ್ರಿ. ಬೆಣ್ಣ್ಯಾಗ ಸರಿದಂಗ ಸರೀಬೇಕು. ಶಾಫ್ಟಿನ ಹಲ್ಲಿಗೆ ಬಿಸಿ ತಡಿಯೋ ಗ್ರೀಸ್ ಹೆಸರಕಾಳಿನಷ್ಟು ಹಚ್ಚಿ, ಪ್ಲೇಟ್ ಏರಿಸಿ ಇಳಿಸಿ, ಹೊರಗ ಬಂದದ್ದು ಒರಸಿ ಬಿಡ್ರಿ. ಹೆಚ್ಚಿಗಿ ಗ್ರೀಸ್ ಅಂದ್ರ ತಿರುಗೋ ಮುಂದ ಪ್ಲೇಟಿಗೇ ಸಿಡೀತದ. ಆಮ್ಯಾಲ ಕಿಟ್ಟಿನ್ಯಾಗ ಬಂದ ಅಲೈನ್‌ಮೆಂಟ್ ಕಡ್ಡಿಯಿಂದ ಪ್ಲೇಟ್ ನಡುವಕ್ಕ ತಂದು ಪ್ರೆಶರ್ ಪ್ಲೇಟ್ ಬೋಲ್ಟ್ ಮತ್ತ ಎದರ ಬದರ ಬಿಗೀರಿ, ಕಿಟ್ಟಿನ ಕಾಗದದಾಗ ಬರದಷ್ಟೇ, ಇವು ಸಣ್ಣ ಬೋಲ್ಟ್, ಜೋರ ಮಾಡಿದ್ರ ಕಡೀತಾವ.

ಈಗ ಗೇರ್‌ಬಾಕ್ಸ್ ಏರಸೋದು, ಇಲ್ಲೇ ಎಲ್ಲಾರ ತಾಳ್ಮಿ ಮುಗಿಯೋದು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡಬರಕ ಎರಡನ್ನೂ ನೇರ ಕೂಡಸೋ ಎರಡ ಡೋವೆಲ್ ಕೊಳವಿ ಇರ್ತಾವ, ಅವು ಜಾಗದಾಗ ಇದ್ದಾವಿಲ್ಲೋ ಮೊದಲ ಬೆರಳಲೆ ಮುಟ್ಟಿ ನೋಡ್ರಿ. ಗೇರ್‌ಬಾಕ್ಸ್ ಐದನೇ ಗೇರಿಗೆ ಹಾಕ್ರಿ, ಒಬ್ಬಂವ ನೂಕ್ಲಿ, ಇನ್ನೊಬ್ಬಂವ ಆಕ್ಸಲ್ ಫ್ಲೇಂಜ್ ಜರಾ ಜರಾ ತಿರುವ್ಲಿ, ಹಲ್ಲಿಗೆ ಹಲ್ಲು ಕೂಡಿದ ಕೂಡ್ಲೇ ಅದು ತಾನೇ ಒಳಗ ಸರೀತದ. ಕೂಡಲಿಲ್ಲ ಅಂದ್ರ ಮ್ಯಾಲ ಕೆಳಗ ನಡಬರಕಿನ ಸಂದಿ ನೋಡ್ರಿ, ಸುತ್ತಲೂ ಒಂದೇ ಸಮ ಇರ್ಬೇಕು, ಮ್ಯಾಲ ಹೆಚ್ಚಿದ್ರ ಗೇರ್‌ಬಾಕ್ಸಿನ ಬಾಲ ಇಳಿದದ, ಜಾಕ್ ಸರಿ ಮಾಡ್ರಿ. ಕೊನೀ ಒಂದ ಸೆಂಟಿಮೀಟರ್ ಉಳೀತು ಅಂತ ಬೋಲ್ಟ್ ಹಾಕಿ ಎಳಿಬ್ಯಾಡ್ರಿ. ನಾ ಕೆಲಸ ಕಲಿಯೋ ಮುಂದ, ರಾತ್ರಿ ಹತ್ತಾಗಿತ್ತು, ಕರೆಂಟ್ ಹೋಗಿ ಟಾರ್ಚ್ ಬೆಳಕಿನ್ಯಾಗ ಅದೇ ಮಾಡೀನಿ. ಒಂದ ಬೋಲ್ಟ್ ಬಿಗದೆ, ಎರಡನೇದು ಬಿಗಿಯೋ ಮುಂದ ಟಿಕ್ ಅಂತ ಸಣ್ಣ ಸಪ್ಪಳ ಬಂತು. ಬೆಲ್ ಹೌಸಿಂಗಿನ, ಅಂದ್ರ ಕ್ಲಚ್ ಮುಚ್ಚೋ ಗೇರ್‌ಬಾಕ್ಸ್ ಬಾಯಿಯ, ಕಿವಿ ಸೀಳಿತ್ತು. ಡೋವೆಲ್ ಒಂದ ಅಡ್ಡ ಬಿದ್ದಿತ್ತು ಅಷ್ಟೇ. ಆ ಗೇರ್‌ಬಾಕ್ಸಿನ ಖರ್ಚು ನನ್ನ ಪಗಾರದಾಗ ತಿಂಗಳಗಟ್ಲೆ ಹೋಯ್ತು, ಆ ಸಪ್ಪಳ ನಂಗ ಈಗಲೂ ಕೇಳಸ್ತದ. ಎರಡೂ ಮುಖ ಕೈ ನೂಕಿಗೇ ಕೂಡಿದ ಮ್ಯಾಲ ಬೋಲ್ಟ್, ದೊಡ್ಡ 12 ಎಂಎಂ ಬೋಲ್ಟ್ 80 ಎನ್‌ಎಂ.

ಉಳಿದದ್ದು ಬಿಚ್ಚಿದ ಉಲ್ಟಾ ಹಚ್ಚೋದು. ಕ್ಲಚ್ ಎಣ್ಣಿ ಬ್ರೇಕ್ ಡಬ್ಬಿಯಿಂದನೇ ಬರ್ತದ, ಡಾಟ್ 4, ಹಳೇದಾಗಿದ್ರ ಈಗಲೇ ಬದಲಿ ಮಾಡಿ ಗಾಳಿ ತಗೀರಿ, ಡಬ್ಬಿ ಖಾಲಿ ಆಗ್ಲಾಕ ಬಿಡಬ್ಯಾಡ್ರಿ, ಬ್ರೇಕಿಗೂ ಗಾಳಿ ಹೋಗ್ತದ. ಶಾಫ್ಟ್ ಸೀಲ್ ಬದಲಿ ಮಾಡೀರಿ ಅಂದ್ರ ಗೇರ್ ಆಯಿಲ್ ಹೆಂಗಿದ್ರೂ ಕಡಿಮಿ ಆಗಿರ್ತದ, ಹೊಸದು ತುಂಬ್ರಿ, 75ಡಬ್ಲ್ಯೂ-90, ಡಬ್ಬಿ ಮ್ಯಾಲ ಜಿಎಲ್-4 ಅಂತ ಇರ್ಬೇಕು, ಎರಡ ಲೀಟರ್ ಹತ್ರ ಹಿಡೀತದ. ಗಾಲಿ ಎತ್ತಿದ್ದಾಗಲೇ ಸ್ಟಾರ್ಟ್ ಮಾಡಬ್ಯಾಡ್ರಿ, ಮೊದಲ ಎಂಜಿನ್ ಬಂದ್ ಇಟ್ಟು ಪೆಡಲ್ ಒತ್ತಿ ಒಂದ ಗೇರ್ ಹಾಕಿ ಮುಂದಿನ ಒಂದ ಗಾಲಿ ತಿರುಗದಂಗ ತಡದು ಇನ್ನೊಂದು ಕೈಲೆ ತಿರುವಿ ನೋಡ್ರಿ, ತಿರುಗಿದ್ರ ಕ್ಲಚ್ ಬಿಡ್ಲತ್ತದ. ಆಮ್ಯಾಲ ಗಾಡಿ ಇಳಿಸಿ ಸ್ಟಾರ್ಟ್.

ಮೊದಲ 800 ಕಿಮೀ ಹಗುರಕ ಹೊಡೀರಿ, ಪೂರಾ ಆಕ್ಸಿಲರೇಟರ್ ಒತ್ತಬ್ಯಾಡ್ರಿ, ಪ್ಲೇಟ್ ಮತ್ತ ಫ್ಲೈವೀಲ್ ಒಂದಕ್ಕೊಂದು ಮೈ ಹೊಂದಿಸ್ಕೋಬೇಕು. ಇಲ್ಲಿ ಎಲ್ಲಾರೂ ಒಂದ ತಪ್ಪ ಮಾಡ್ತಾರ, ಒಂದ ಸಲ ಹೈದರಾಬಾದಿಗೆ ಹೋಗಿ ಬಂದ್ರ 400 ಮ್ಯಾಲ ಆಯ್ತು, ಇನ್ನೊಮ್ಮೆ ಹೋದ್ರ ಮುಗೀತು ಅಂತಾರ. ಹೈವೇನಾಗ ಐದನೇ ಗೇರ್ ಹಾಕಿ ಕುಂತ್ರ ಕ್ಲಚ್ ಕೆಲಸಾನೇ ಮಾಡಂಗಿಲ್ಲ, ಹೊಂದಿಕ್ಯಾಗೋದು ಎಲ್ಲಿಂದ? ಊರಾಗ ಹೊಡೀರಿ, ಜೇವರ್ಗಿ ರೋಡು, ಸೇಡಂ ರೋಡು, ಆಳಂದ ರೋಡು, ನಿಲ್ಲೋದು ಹೊಂಡೋದು, ಅದೇ ಬೇಕಾದದ್ದು. ಆ 800 ಮುಗಿಯೋ ತನಕ ರಿಮ್ಯಾಪ್ ಮಾಡಿದವರಿಂದ ಕಂಪನಿ ಫೈಲ್ ವಾಪಸ್ ಹಾಕಿಸ್ಕೊಂಡ್ರ ಇನ್ನೂ ಛಲೋ.

ಹಳೀ ಪ್ಲೇಟ್ ಗುಜರಿಗೆ ಹಾಕಬ್ಯಾಡ್ರಿ. ಎರಡೂ ಮೈ, ಫ್ಲೈವೀಲ್ ಮುಖ, ಮತ್ತ ಬೆಲ್ ಹೌಸಿಂಗ್ ಒಳಗಿನ ಕೆಳಭಾಗ, ಈ ನಾಕ ಫೋಟೋ ಬಿಸಲಾಗ ಹೊಡದು ಕಳಸ್ರಿ, ಹಳೀ ಕ್ಲಚ್ ಯಾಕ ಜಾರ್ತು ಅನ್ನೋದು ಅದನ್ನ ನೋಡಿ ಹೇಳ್ತೀನಿ.